ಮಧ್ಯಾಹ್ನ 12ರ ರೈಲು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನನ್ನ ಮಾತಿನ ಮೇಲೆ ನೀನು ‘ಹೈ ನೂನ್’ ಚಿತ್ರ ನೋಡಿದೆಯೆಂದು ತಿಳಿದು ಸಂತೋಷವಾಯಿತು. ಕೆಲಸಕ್ಕೆ ರಾಜೀನಾಮೆ ಕೊಟ್ಟು, ಅದೇ ದಿನ ಮದುವೆಯಾಗಿ ಊರು ಬಿಟ್ಟ ಮನುಷ್ಯ ಮತ್ತೆ ಗಾಡಿ ತಿರುಗಿಸಿಕೊಂಡು ಬಂದದ್ದು ಬರಿಯ ಹಟವಲ್ಲವೇ ಎಂದು ನೀನು ಕೇಳಿದಾಗ ಫೋನಿನಲ್ಲಿ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ.

1952ರಲ್ಲಿ ತೆರೆಕಂಡ, ಫ್ರೆಡ್ ಜಿನ್ನೆಮನ್ ನಿರ್ದೇಶನದ ಈ ಚಿತ್ರದ ನಾಯಕ, ಊರಿನ ಕಾನೂನು ಕಾಯುವ ಮಾರ್ಷಲ್ ವಿಲ್ ಕೇನ್ ಉಳಿದ ಕೌಬಾಯ್ ನಾಯಕರಿಂದ ನನಗೆ ಬೇರೆಯಾಗಿ ಕಾಣುವುದು ಅವನ ಬಂದೂಕಿನ ಗುರಿಯಿಂದಲ್ಲ, ಅವನ ಭಯದಿಂದ. ತಾನೇ ಹಿಡಿದು ಸೆರೆಗೆ ಕಳಿಸಿದ್ದ ಫ್ರಾಂಕ್ ಮಿಲ್ಲರ್ ಬಿಡುಗಡೆಯಾಗಿ ಮಧ್ಯಾಹ್ನದ ರೈಲಿಗೆ ಬರುತ್ತಿದ್ದಾನೆಂದು ತಿಳಿದ ಮೇಲೆ ಅವನು ಬಾಗಿಲಿನಿಂದ ಬಾಗಿಲಿಗೆ ಹೋಗಿ ನೆರವು ಬೇಡುತ್ತಾನೆ. ಒಬ್ಬ ಸ್ನೇಹಿತ ಒಳಗೆ ಅಡಗಿಕೊಂಡು, ಮನೆಯಲ್ಲಿಲ್ಲವೆಂದು ಹೆಂಡತಿಯಿಂದ ಹೇಳಿಸುತ್ತಾನೆ. ಮಿಲ್ಲರ್‌ಗೆ ಶಿಕ್ಷೆ ವಿಧಿಸಿದ್ದ ನ್ಯಾಯಾಧೀಶ ಧ್ವಜವನ್ನು ಮಡಚಿಟ್ಟುಕೊಂಡು ಕುದುರೆ ಹತ್ತುತ್ತಾನೆ. ಚರ್ಚಿನ ದೃಶ್ಯವಂತೂ ಇಂದಿಗೂ ನನ್ನನ್ನು ಕಲಕುತ್ತದೆ. ಅಲ್ಲಿರುವವರು ಕೆಟ್ಟವರಲ್ಲ, ಅವರು ಕೊಡುವ ಒಂದೊಂದು ಕಾರಣವೂ ಕೇಳಲು ನ್ಯಾಯವಾಗಿಯೇ ಇದೆ, ಆದರೂ ಕೇನ್ ಅಲ್ಲಿಂದ ಒಬ್ಬನೇ ಹೊರಬರುತ್ತಾನೆ. ಜೊತೆಗೆ ನಿಲ್ಲುತ್ತೇನೆಂದು ಹಂಬಲಿಸಿ ಬಂದ 14 ವರ್ಷದ ಹುಡುಗನನ್ನು ಅವನೇ ಮನೆಗೆ ಕಳಿಸಿ, ತನ್ನ ಉಯಿಲನ್ನು ಬರೆಯಲು ಕೂರುತ್ತಾನೆ. ಚಿತ್ರೀಕರಣದ ವೇಳೆಗೆ ಐವತ್ತು ತಲುಪಿದ್ದ, ಕೇನ್ ಪಾತ್ರದ ನಟ ಗ್ಯಾರಿ ಕೂಪರ್‌ನ ಸುಕ್ಕುಗಟ್ಟಿದ, ಬೆವರಿದ ಮುಖ ಇಲ್ಲಿ ಮಾತಿಗಿಂತ ಹೆಚ್ಚು ಹೇಳುತ್ತದೆ.

ಹಾಗಾದರೆ ಹಿಂದಿರುಗಿದ್ದೇಕೆ? ಓಡಿದರೆ ಬಯಲಿನಲ್ಲಿ ತಾನೂ ಹೆಂಡತಿಯೂ ಇಬ್ಬರೇ ಮಿಲ್ಲರ್ ಮತ್ತು ಅವನ ಸಹಚರರ ಕೈಗೆ ಸಿಗುತ್ತೇವೆಂಬ ಲೆಕ್ಕಾಚಾರ ಅವನಿಗಿತ್ತು. ಅದರ ಜೊತೆಗೆ, ಮಾರ್ಷಲ್‌ನ ಗುರುತಾಗಿ ಎದೆಗೆ ಧರಿಸುವ ನಕ್ಷತ್ರವನ್ನು ಕಳಚಿಟ್ಟ ಮಾತ್ರಕ್ಕೆ ತಾನು ಮಾಡಿದ ಕೆಲಸದ ಹೊಣೆ ಕಳಚಿಹೋಗುವುದಿಲ್ಲವೆಂದು ಅವನು ನಂಬಿದ್ದನೆಂದು ನನಗನಿಸುತ್ತದೆ. ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ 1951ರಲ್ಲಿ, ಚಿತ್ರ ತಯಾರಾಗುತ್ತಿದ್ದಾಗಲೇ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ನಿಲ್ಲಬೇಕಾಯಿತು. ಇತರರ ಹೆಸರು ಹೇಳಲು ನಿರಾಕರಿಸಿ, ಹಾಲಿವುಡ್‌ನಲ್ಲಿ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಹೋದ. ಆ ಮುಚ್ಚಿದ ಬಾಗಿಲುಗಳನ್ನು ಬರೆದವನಿಗೆ ಅವುಗಳ ಪರಿಚಯವಿತ್ತು.

ನೀನು ಕೇನ್‌ನ ಹೆಂಡತಿ ಏಮಿಯ ಬಗ್ಗೆ ಏನನ್ನೂ ಕೇಳಲಿಲ್ಲ. ತಂದೆಯೂ ಅಣ್ಣನೂ ಗುಂಡಿಗೆ ಬಲಿಯಾದ ಮೇಲೆ ಅಹಿಂಸೆಯನ್ನು ಪಾಲಿಸುವ ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿ, ಹಿಂಸೆಯನ್ನೇ ತೊರೆದವಳು ಅವಳು. ಬೆನ್ನಿಗೆ ಗುಂಡು ಹೊಡೆಯಬಾರದೆಂಬುದು ಇಂತಹ ಚಿತ್ರಗಳ ನಾಯಕರು ಪಾಲಿಸುವ ಮೊದಲ ನಿಯಮ. ಆದರೆ ಗಂಡನನ್ನು ಉಳಿಸಲು ಮಿಲ್ಲರ್‌ನ ಸಹಚರನೊಬ್ಬನಿಗೆ ಹಿಂದಿನಿಂದ ಗುಂಡು ಹಾರಿಸುವವಳು ಇವಳೇ. ಅವಳು ತನ್ನ ನಂಬಿಕೆಯನ್ನು ಮುರಿದಳೋ, ಅದಕ್ಕಿಂತ ದೊಡ್ಡದನ್ನು ಕಂಡಳೋ, ಇಷ್ಟು ವರ್ಷ ಯೋಚಿಸಿಯೂ ನಾನು ತೀರ್ಮಾನಿಸಲಾರದೆ ಉಳಿದಿದ್ದೇನೆ.

ಕೊನೆಯಲ್ಲಿ ಕೇನ್ ಒಂದು ಮಾತೂ ಆಡದೆ ನಕ್ಷತ್ರವನ್ನು ಮಣ್ಣಿಗೆ ಎಸೆಯುತ್ತಾನಲ್ಲ, ಮುಂದಿನ ಸಲ ಅಲ್ಲಿ ಅವನನ್ನು ಬಿಟ್ಟು, ಎಲ್ಲ ಮುಗಿದ ಮೇಲೆ ಬೀದಿಗೆ ಬಂದು ಸುತ್ತ ನಿಂತ ಆ ಜನರನ್ನು ನೋಡು. ನಿನಗೆ ಏನು ಕಂಡಿತೆಂದು ಬರೆ.

ನಿನ್ನ ಅಪ್ಪ