ಡಬ್ಬಿ ಹಿಡಿದು ವಾಪಸ್ ಬಂದ ಆ ಬೆಳಗ್ಗೆ

ಎಡಿನ್‌ಬರೊ

ತೀರ್ಥರೂಪ ಅಪ್ಪನವರಿಗೆ ಸುಮಾ ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಇನ್ನೂ ಅರ್ಧ ಡಬ್ಬ ಇದೆ. ನೀವು ಮುಷ್ಕರದಲ್ಲಿದ್ದ ದಿನಗಳ ಬಗ್ಗೆ ಫೋನಿನಲ್ಲಿ ಕೇಳಿದರೆ "ಹಳೇ ಕತೆ, ಬಿಡು" ಅಂತ ಅಮ್ಮನ ಕೈಗೆ ಫೋನ್ ಕೊಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನನ್ನ ಸಂಶೋಧನೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರದ ಮೇಲೆ ಅಂತ ನಿಮಗೆ ಗೊತ್ತು. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ, 77 ದಿನ. ಇನ್ನೊಂದು ಸಾರ್ವಜನಿಕ ಉದ್ದಿಮೆಯಾದ ಬಿಎಚ್‌ಇಎಲ್‌ನವರಿಗೆ (ಭಾರತ್ ಹೆವಿ ಎಲೆಕ್ಟ್ರಿಕಲ್ಸ್) ಸಮನಾದ ಸಂಬಳ ಬೇಕೆಂಬ ಬೇಡಿಕೆ. ಸಂಬಳದ ಪಟ್ಟಿ, ಯೂನಿಯನ್ ಕರಪತ್ರ ಎಲ್ಲ ಹುಡುಕಿದರೆ ಸಿಗುತ್ತವೆ. ಸಂಬಳವಿಲ್ಲದ ಎರಡನೇ ತಿಂಗಳಲ್ಲಿ ಒಬ್ಬ ಮನುಷ್ಯ ಬೆಳಗ್ಗೆ ಎದ್ದು ಏನಂದುಕೊಂಡ ಎಂಬುದು ಯಾವ ಕಡತದಲ್ಲೂ ಇಲ್ಲ.

ಅದಕ್ಕೆ ಮನಶ್ಶಾಸ್ತ್ರ ಓದುತ್ತಿದ್ದೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಮತ್ತು ಸಂಗಡಿಗರು ಅಮೆರಿಕದ ಸೈನಿಕರನ್ನು ವಿಚಾರಿಸಿದ್ದರು. ಬಡ್ತಿ ಬೇಗ ಸಿಗುತ್ತಿದ್ದ ವಾಯುದಳದವರಿಗೇ ಬಡ್ತಿಯ ಬಗ್ಗೆ ಅಸಮಾಧಾನ ಹೆಚ್ಚು. ಅಪರೂಪಕ್ಕೆ ಸಿಗುತ್ತಿದ್ದ ಮಿಲಿಟರಿ ಪೊಲೀಸರಿಗೆ ಕಡಿಮೆ! ನಾವು ನಮ್ಮನ್ನು ತೂಗಿಕೊಳ್ಳುವುದು ಪಕ್ಕದವನ ಜೊತೆಗೆ. ಬಿಎಚ್‌ಇಎಲ್ ಹೆಸರು ಎತ್ತಿದರೆ ನಿಮ್ಮ ದನಿ ಈಗಲೂ ಯಾಕೆ ಏರುತ್ತದೆ ಅಂತ ಇದನ್ನು ಓದಿದ ದಿನ ನನಗೆ ಹೊಳೆಯಿತು.

ಆದರೆ ಸಿಟ್ಟು ಬಂದವರೆಲ್ಲ ಕೊನೆತನಕ ನಿಲ್ಲುವುದಿಲ್ಲ. 1977ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರು 'ಇದು ನನ್ನ ಕೈಲಾಗುತ್ತದೆ' ಎಂಬ ನಂಬಿಕೆಯ ಬಗ್ಗೆ ಬರೆದರು. ಮೊದಲು ಗೆದ್ದ ಅನುಭವದಿಂದ, ತನ್ನಂಥವನೊಬ್ಬ ಮಾಡಿ ತೋರಿಸಿದ್ದರಿಂದ, ನಾಲ್ಕು ಜನ ಧೈರ್ಯ ಹೇಳುವುದರಿಂದ ಅದು ಬೆಳೆಯುತ್ತದಂತೆ. ಮುಂದೆ ಅದನ್ನೇ ಗುಂಪಿಗೂ ಅನ್ವಯಿಸಿದರು. ನನಗೆ ಇದು ಬಹಳ ಮಟ್ಟಿಗೆ ಸರಿ ಅನ್ನಿಸುತ್ತದೆ. ಆದರೂ ಒಂದು ಬೆಳಗ್ಗೆ ಮಾತ್ರ ಇದರೊಳಗೆ ಕೂರುತ್ತಿಲ್ಲ.

ಅಮ್ಮ ಒಮ್ಮೆ ಹೇಳಿದ್ದಳು. ಅವಳ ಬಳೆ ಅಡವಿಟ್ಟ ಮಾರನೇ ದಿನ, ಮುಷ್ಕರ ಇನ್ನೂ ನಡೆಯುತ್ತಿರುವಾಗಲೇ, ನೀವು ಯೂನಿಫಾರಂ ತೊಟ್ಟು, ಊಟದ ಡಬ್ಬಿ ಹಿಡಿದು ಡ್ಯೂಟಿಗೆ ಹೊರಟಿರಂತೆ. ಅರ್ಧ ಗಂಟೆಗೆ ವಾಪಸ್ ಬಂದು, ಜಗಲಿಯ ಮೇಲೆ ಕೂತು ಅದೇ ಡಬ್ಬಿ ಬಿಚ್ಚಿ ಉಂಡಿರಂತೆ. ಅವಳು ಕೇಳಲಿಲ್ಲ, ನೀವು ಹೇಳಲಿಲ್ಲ.

ಬಸ್‌ಸ್ಟಾಪಿನಲ್ಲಿ ಯಾರಾದರೂ ಸಿಕ್ಕಿದ್ದರಾ ಅಪ್ಪ? ನಾಚಿಕೆಯಾಯಿತಾ? ಗೆಲ್ಲುತ್ತೇವೆ ಅಂತ ಮತ್ತೆ ಅನ್ನಿಸಿತಾ? ಹೊರಟಿದ್ದೂ ನೀವೇ, ತಿರುಗಿ ಬಂದಿದ್ದೂ ನೀವೇ. ಸಂಬಳದ ಪಟ್ಟಿ ಆ ಎರಡಕ್ಕೂ ಒಂದೇ.

ಉತ್ತರವನ್ನು ನಾನೇ ಊಹಿಸಿ ಬರೆಯಲಾರೆ. ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ 1958ರಲ್ಲಿ ಜರ್ಮನಿಯ ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್‌ನ ಮನಸ್ಸನ್ನು ಅವನ ಬಾಲ್ಯದಿಂದ ಬಿಡಿಸಲು ಹೋದಾಗ, ನಾಲ್ಕು ಶತಮಾನದ ಹಿಂದಿನ ಬಾಲ್ಯಕ್ಕೆ ಸಾಕ್ಷಿ ಎಲ್ಲಿದೆ ಎಂದು ಇತಿಹಾಸಕಾರರು ಕೇಳಿದರು. ಕೇಳಿದ್ದು ಸರಿಯೇ. ಲೂಥರ್‌ನನ್ನು ಯಾರೂ ವಿಚಾರಿಸಲಾಗದು, ನಿಮ್ಮನ್ನು ವಿಚಾರಿಸಬಹುದು. ಇಷ್ಟು ವರ್ಷದಲ್ಲಿ ನೆನಪು ಬದಲಾಗಿದ್ದರೂ ಪರವಾಗಿಲ್ಲ. ಮರೆತಿದ್ದರೆ ಮರೆತೆ ಅಂತಲೇ ಬರೆಯಿರಿ. ನಿಮಗೆ ಬೇಡವೆಂದರೆ ಥೀಸಿಸ್‌ನಲ್ಲಿ ಒಂದಕ್ಷರ ಹಾಕುವುದಿಲ್ಲ.

ಮಂಡಿನೋವಿಗೆ ಡಾಕ್ಟರು ಹೇಳಿದ ವ್ಯಾಯಾಮ ಬಿಡಬೇಡಿ. ಉತ್ತರವನ್ನು ಅಮ್ಮನ ಕೈಲಿ ಬರೆಸದೆ ನೀವೇ ಬರೆಯಿರಿ.

ನಿಮ್ಮ ಮಗಳು,
ಸುಮಾ