ಕೊಚ್ಚುಪುಸ್ತಕಗಳನ್ನೂ ಕಾಪಿಡಬೇಕು

ಸಂಪಾದಕರಿಗೆ,

ಮಾನ್ಯರೇ,

ಮಲಯಾಳದ ಜನಪ್ರಿಯ ಸಾಹಿತ್ಯದ ಮಾತು ಬಂದಾಗಲೆಲ್ಲ ನಮ್ಮ ಬರಹಗಾರರು ‘ಪೈಂಗಿಳಿ’ ಎಂಬ ಒಂದೇ ಪದದೊಳಗೆ ವಾರಪತ್ರಿಕೆಯ ಪ್ರೇಮಕಥೆಯನ್ನೂ ಕದ್ದು ಓದುವ ‘ಕೊಚ್ಚುಪುಸ್ತಕ’ದ ಕಾಮಕಥೆಯನ್ನೂ ಒಟ್ಟಿಗೆ ತುಂಬಿಬಿಡುವುದನ್ನು ಹಲವು ವರ್ಷಗಳಿಂದ ಗಮನಿಸುತ್ತಿದ್ದೇನೆ. ನಾನು ಕಾಸರಗೋಡಿನಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುತ್ತ ಬೆಳೆದು, ಒಂದು ಸಣ್ಣ ವಾಚನಾಲಯದಲ್ಲಿ ಗ್ರಂಥಪಾಲಕನಾಗಿ ದುಡಿದು ನಿವೃತ್ತನಾದವನು. ಈ ಬೆರಕೆಯಿಂದ ಆಗಿರುವ ನಷ್ಟ ಬರೀ ಪದಬಳಕೆಗೆ ಸಂಬಂಧಿಸಿದ್ದಲ್ಲ. ಒಂದು ಭಾಷೆಯ ಜನ ಏನನ್ನು ಓದಿದರು ಎಂಬುದರ ಒಂದು ದೊಡ್ಡ ಪಾಲು ದಾಖಲೆಯೇ ಇಲ್ಲದೆ ಅಳಿದುಹೋಗುತ್ತಿದೆ ಎಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಪೈಂಗಿಳಿ ಎಂದರೆ ಹಸಿರು ಗಿಳಿ. ಮುಟ್ಟತ್ತು ವರ್ಕಿಯವರ ‘ಪಾಡಾತ್ತ ಪೈಂಗಿಳಿ’ ಎಂಬ 1955ರ ಕಾದಂಬರಿಯ ಹೆಸರಿನಿಂದ ಈ ಪದ ವಿಮರ್ಶಕರ ಬಾಯಿಗೆ ಬಂದು, ಬರಬರುತ್ತ ಬೈಗುಳವೇ ಆಗಿಬಿಟ್ಟಿತು. ಆ ಬಗೆಯ ಕಾದಂಬರಿಗಳಲ್ಲಿ, ಕೊಟ್ಟಾಯಂನ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಥೆಗಳಲ್ಲಿ ಇದ್ದದ್ದು ಬಡವ ಬಲ್ಲಿದರ ಪ್ರೇಮ, ಕಣ್ಣೀರು, ಮನೆತನದ ಜಗಳ; ಮನೆಮಂದಿಯ ಮುಂದೆ ಗಟ್ಟಿಯಾಗಿ ಓದಬಹುದಾದ ಬರಹ ಅದು. ಪಮ್ಮನ್ ಎಂಬ ಹೆಸರಿನಲ್ಲಿ ಬರೆದ ಪರಮೇಶ್ವರ ಮೇನೋನರ ದಾರಿ ಬೇರೆ. ಅವರು ಕಾಮವನ್ನು ಹೆಚ್ಚು ಬಿಚ್ಚಿ ಬರೆದರು, ಅದಕ್ಕಾಗಿ ಬೈಸಿಕೊಂಡರು. ಆದರೂ ಅವರ ಪುಸ್ತಕಗಳ ಮೇಲೆ ಲೇಖಕರ ಹೆಸರಿತ್ತು, ಪ್ರಕಾಶಕರ ವಿಳಾಸವಿತ್ತು. ಅವರ ‘ಚಟ್ಟಕ್ಕಾರಿ’ಯನ್ನು ಕೆ. ಎಸ್. ಸೇತುಮಾಧವನ್ 1974ರಲ್ಲಿ ಸಿನಿಮಾ ಮಾಡಿದರು, ಮರುವರ್ಷ ಅದೇ ಕಥೆ ಹಿಂದಿಯಲ್ಲಿ ‘ಜೂಲಿ’ಯಾಗಿ ಬಂತು, ಎರಡರಲ್ಲೂ ನಾಯಕಿಯಾಗಿದ್ದವರು ಕನ್ನಡಿಗರಿಗೂ ಚಿರಪರಿಚಿತರಾದ ಲಕ್ಷ್ಮಿ.

ಮೂರನೆಯದು ಕೊಚ್ಚುಪುಸ್ತಕ. ಕೊಚ್ಚು ಎಂದರೆ ಚಿಕ್ಕದು. ಅಂಗಿಯ ಒಳಗೆ ಅಡಗುವಷ್ಟು ತೆಳ್ಳಗಿನ ಪುಸ್ತಿಕೆ. ಇದರೊಳಗಿನ ಕಥೆಗೆ ಆಡುಮಾತಿನಲ್ಲಿ ‘ಕಂಬಿಕ್ಕಥ’ ಎನ್ನುತ್ತಾರೆ. ಆ ಕಂಬಿ ನಮ್ಮ ಕಂಬಿಯೇ, ಲೋಹದ ಸರಳು. ಅದರ ಪೋಲಿ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಯುವಕನಾಗಿದ್ದಾಗ ಬಸ್‌ ನಿಲ್ದಾಣದ ಬಳಿಯ ಅಂಗಡಿಯಲ್ಲಿ ವಾರಪತ್ರಿಕೆಗಳು ದಾರಕ್ಕೆ ಜೋತುಬಿದ್ದಿರುತ್ತಿದ್ದವು, ಇವು ಮಾತ್ರ ಅಂಗಡಿಯವನು ಕೂರುವ ಪೆಟ್ಟಿಗೆಯ ಕೆಳಗಿರುತ್ತಿದ್ದವು. ಕೇಳುವವನು ಹೆಸರು ಹೇಳಿ ಕೇಳುತ್ತಿರಲಿಲ್ಲ, ಕೊಡುವವನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಡುತ್ತಿದ್ದ.

ಈ ಪುಸ್ತಿಕೆಗಳು ಯಾವ ಗ್ರಂಥಾಲಯದಲ್ಲೂ ಸುಲಭಕ್ಕೆ ಸಿಗದಿರುವುದಕ್ಕೆ ಜನರ ನಾಚಿಕೆಯೊಂದೇ ಕಾರಣವಲ್ಲ, ಕಾನೂನಿನ ಪಾತ್ರವೂ ಇದೆ. ಆಗ ಜಾರಿಯಲ್ಲಿದ್ದ 1867ರ ಮುದ್ರಣ ಕಾಯ್ದೆಯ ಪ್ರಕಾರ ಪ್ರತಿಯೊಂದು ಪುಸ್ತಕದ ಮೇಲೂ ಮುದ್ರಕರ ಹೆಸರು, ಅಚ್ಚಾದ ಊರು ಇರಲೇಬೇಕಿತ್ತು; 1954ರ ಇನ್ನೊಂದು ಕಾಯ್ದೆಯ ಪ್ರಕಾರ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈನ ಕನ್ನಿಮೆರಾದಂಥ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಬೇಕಿತ್ತು. ಆದರೆ ಭಾರತೀಯ ದಂಡ ಸಂಹಿತೆಯ 292ನೆಯ ಕಲಮಿನಲ್ಲಿ ಅಶ್ಲೀಲ ಪುಸ್ತಕ ಮಾರುವುದು ಅಪರಾಧವಾಗಿದ್ದುದರಿಂದ, ಹೆಸರು ಹಾಕಿದವನು ತನ್ನ ಮೇಲೆ ತಾನೇ ದೂರು ಬರೆದುಕೊಟ್ಟ ಹಾಗಾಗುತ್ತಿತ್ತು. ಹೀಗಾಗಿ ಹೆಸರು ಹೋಯಿತು, ಊರು ಹೋಯಿತು, ಇಸವಿಯೂ ಹೋಯಿತು. ಹೆಸರೇ ಇಲ್ಲದ ಪ್ರಕಾಶಕ ಯಾವ ಗ್ರಂಥಾಲಯಕ್ಕೆ ಪ್ರತಿ ಕಳುಹಿಸಿಯಾನು?

ನಾನು ಕೆಲಸದಲ್ಲಿದ್ದಾಗ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ತೀರಿಹೋದ ಹಿರಿಯರೊಬ್ಬರ ಮನೆಯವರು ಅವರ ಪುಸ್ತಕಗಳನ್ನು ವಾಚನಾಲಯಕ್ಕೆ ದಾನವಾಗಿ ಕೊಟ್ಟರು. ತಗಡಿನ ಪೆಟ್ಟಿಗೆಯ ತಳದಲ್ಲಿ, ತೆಂಗಿನ ನಾರಿನ ಹುರಿಯಲ್ಲಿ ಕಟ್ಟಿದ ಹನ್ನೊಂದು ಕೊಚ್ಚುಪುಸ್ತಕಗಳಿದ್ದವು. ಹೊಲಿಗೆಯಿಲ್ಲ, ನಡುವೆ ತುಕ್ಕು ಹಿಡಿದ ಒಂದೇ ಪಿನ್ನು. ಕಾಗದ ಮುಟ್ಟಿದರೆ ಅಂಚು ಉದುರುತ್ತಿತ್ತು. ಅಕ್ಷರದೋಷ ಎಷ್ಟಿತ್ತೆಂದರೆ ಅಚ್ಚುಮೊಳೆ ಜೋಡಿಸಿದವರು ರಾತ್ರಿ ಅವಸರದಲ್ಲಿ ಮಾಡಿದ ಕೆಲಸವಿರಬೇಕು ಎನ್ನಿಸಿತು. ಒಂದರ ರಕ್ಷಾಪುಟದ ಒಳಬದಿಯಲ್ಲಿ ಪೆನ್ಸಿಲಿನಿಂದ ಹದಿನಾಲ್ಕು ಇನಿಷಿಯಲ್‌ಗಳನ್ನು ಸಾಲಾಗಿ ಬರೆದು, ಕೆಲವನ್ನು ಹೊಡೆದುಹಾಕಿದ್ದರು. ಕೈಯಿಂದ ಕೈಗೆ ಹೋಗಿ ಮರಳಿದ ಲೆಕ್ಕ ಅದು. ನಾವು ನಮ್ಮ ವಾಚನಾಲಯದಲ್ಲಿ ಇಡುತ್ತಿದ್ದ ಎರವಲು ಪುಸ್ತಕದ ಪಟ್ಟಿಗಿಂತ ಅಚ್ಚುಕಟ್ಟಾಗಿತ್ತು. ಸಮಿತಿಯವರು ಸುಟ್ಟುಬಿಡಿ ಎಂದರು. ನಾನು ಎದುರಾಡಲಿಲ್ಲ. ಹಿತ್ತಿಲಲ್ಲಿ ಒಣ ಮಡಲಿನ ಜೊತೆ ಅವನ್ನು ಸುಟ್ಟವನು ನಾನೇ. ಆ ತಪ್ಪು ಇಂದಿಗೂ ನನ್ನನ್ನು ಕಾಡುತ್ತಿದೆ.

ಅವು ಒಳ್ಳೆಯ ಬರಹಗಳು ಎಂದು ನಾನು ವಾದಿಸುತ್ತಿಲ್ಲ. ನಾನು ಓದಿದಷ್ಟರಲ್ಲಿ ಹೆಂಗಸಿನ ಒಪ್ಪಿಗೆಗೆ ಬೆಲೆಯೇ ಇರಲಿಲ್ಲ. ಕಥೆಯನ್ನು ಹೆಂಗಸಿನ ಬಾಯಲ್ಲಿ ಹೇಳಿಸಿದ್ದರೂ ಆ ದನಿ ಗಂಡಸಿನದೇ ಎಂದು ಎರಡು ಪುಟದಲ್ಲಿ ತಿಳಿಯುತ್ತಿತ್ತು. ಅವನ್ನು ಉಳಿಸಿಕೊಳ್ಳಬೇಕಾದದ್ದು ಇದೇ ಕಾರಣಕ್ಕೆ. ಮಾಧವಿಕುಟ್ಟಿಯವರ (ಕಮಲಾ ದಾಸ್) ಆತ್ಮಕಥೆ ‘ಎಂಡೆ ಕಥ’ 1972ರಲ್ಲಿ ‘ಮಲಯಾಳನಾಡು’ ವಾರಪತ್ರಿಕೆಯಲ್ಲಿ ಬರತೊಡಗಿದಾಗ ಎದ್ದ ಗದ್ದಲವನ್ನು ಇಂದಿನ ವಿದ್ಯಾರ್ಥಿ ಹೇಗೆ ಅರ್ಥಮಾಡಿಕೊಳ್ಳಬೇಕು? ಹೆಣ್ಣೊಬ್ಬಳು ತನ್ನ ಮೈಮನಸ್ಸಿನ ಆಸೆಯನ್ನು ತನ್ನದೇ ಹೆಸರಿನಲ್ಲಿ ಹೇಳಿದಾಗ ಅದರ ಧೈರ್ಯ ಎಷ್ಟೆಂದು ಅಳೆಯಬೇಕಾದರೆ, ಗಂಡಸರು ಹೆಸರು ಮುಚ್ಚಿಟ್ಟುಕೊಂಡು ಹೆಣ್ಣಿನ ಬಾಯಲ್ಲಿ ಏನನ್ನು ಹೇಳಿಸುತ್ತಿದ್ದರು ಎಂಬುದೂ ಕಣ್ಣೆದುರು ಇರಬೇಕಲ್ಲವೇ? 1947ರಲ್ಲಿ ಬಂದ ವೈಕಂ ಮುಹಮ್ಮದ್ ಬಷೀರರ ಕಾದಂಬರಿ ‘ಶಬ್ದಂಗಳ್’ ಅಶ್ಲೀಲವೆಂಬ ಆಪಾದನೆಗೆ ಗುರಿಯಾಗಿತ್ತು. ಇಂದು ಅದು ದೊಡ್ಡ ಕೃತಿಗಳ ಸಾಲಿನಲ್ಲಿದೆ.

ಇನ್ನೂ ಹಿಂದೆ ಹೋದರೆ, ವೇಶ್ಯೆಯೊಬ್ಬಳ ತಾಯಿ ಮಗಳಿಗೆ ಕುಲವೃತ್ತಿಯ ಉಪದೇಶ ಮಾಡುವ ‘ವೈಶಿಕತಂತ್ರ’ ಮಣಿಪ್ರವಾಳದ, ಎಂದರೆ ಮಲಯಾಳ ಸಂಸ್ಕೃತ ಬೆರೆತ ಕಾವ್ಯಶೈಲಿಯ, ಹಳೆಯ ಕೃತಿಗಳಲ್ಲೊಂದು. 19ನೆಯ ಶತಮಾನದ ವೆಣ್ಮಣಿ ನಂಬೂದಿರಿಗಳ ಶೃಂಗಾರ ಪದ್ಯಗಳ ಬಿಚ್ಚುಮಾತಿಗೆ ಕೊಚ್ಚುಪುಸ್ತಕದ ಬರಹಗಾರನೂ ಬೆರಗಾದಾನು. ಇವೆರಡಕ್ಕೂ ಸಾಹಿತ್ಯ ಚರಿತ್ರೆಯಲ್ಲಿ ಸ್ಥಾನವಿದೆ, ಅದು ಸರಿಯೂ ಹೌದು. ಬಡ ಮನೆಯ ಕೂಲಿಕಾರ ಜೇಬಿನ ಚಿಲ್ಲರೆ ಕೊಟ್ಟು ಓದಿದ ಗದ್ಯಕ್ಕೆ ಮಾತ್ರ ಒಂದು ಕಪಾಟಿನ ಮೂಲೆಯೂ ಸಿಗದಿರುವುದು ಸರಿಯಲ್ಲ. ಗ್ರಂಥಶಾಲಾ ಚಳವಳಿ ಕಟ್ಟಿದ ನಾಡು ಕೇರಳ. 1991ರಲ್ಲಿ ಸಂಪೂರ್ಣ ಸಾಕ್ಷರವೆಂದು ಘೋಷಿಸಿಕೊಂಡ ನಾಡು. ಅಕ್ಷರ ಕಲಿತವರು ಏನೇನು ಓದಿದರು ಎಂಬ ಲೆಕ್ಕವನ್ನು ಆ ನಾಡು ಪೂರ್ತಿಯಾಗಿಯೇ ಇಡಬೇಕು.

ಈಚೆಗೆ ವಿದ್ವಾಂಸರ ಗಮನ ಇತ್ತ ಹರಿದಿರುವುದು ಸಮಾಧಾನದ ಸಂಗತಿ. ಮಲಯಾಳದ ‘ಸಾಫ್ಟ್ ಪೋರ್ನ್’ ಸಿನಿಮಾಗಳ ಬಗ್ಗೆ ದರ್ಶನಾ ಶ್ರೀಧರ್ ಮಿನಿಯವರ ಇಂಗ್ಲಿಷ್ ಅಧ್ಯಯನ 2024ರಲ್ಲಿ ಪುಸ್ತಕವಾಗಿ ಬಂದಿದೆ. ಆದರೆ ಸಿನಿಮಾಕ್ಕೆ ಸೆನ್ಸಾರ್ ಮಂಡಳಿಯ ಕಡತವಾದರೂ ಇರುತ್ತದೆ, ಪುಸ್ತಿಕೆಗೆ ಅದೂ ಇಲ್ಲ. ಓದುಗರು ತಾವಾಗಿಯೇ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಿದ ಕೆಲವು ಪ್ರತಿಗಳನ್ನು ನಂಬಿ ಕೂರುವಂತಿಲ್ಲ. ಇಂದು ಇರುವ ಪುಟ ನಾಳೆ ಇರುವುದಿಲ್ಲ.

ಕಾನೂನಿನ ಅಡ್ಡಿ ಇದೆ ಎನ್ನುವವರಿಗೆ ಒಂದು ಮಾತು. ವಿಜ್ಞಾನ, ಸಾಹಿತ್ಯ, ಕಲೆ, ವಿದ್ಯೆಯ ಹಿತಕ್ಕಾಗಿ ಇರುವ ಪ್ರಕಟಣೆಗೆ 292ನೆಯ ಕಲಮಿನಲ್ಲೇ ವಿನಾಯಿತಿ ಇತ್ತು, ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಮಿನಲ್ಲೂ ಇದೆ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯ 19ನೆಯ ಶತಮಾನದಲ್ಲೇ ಇಂಥ ಪುಸ್ತಕಗಳಿಗೆ ‘ನರಕ’ ಎಂಬ ಹೆಸರಿನ ಪ್ರತ್ಯೇಕ ವಿಭಾಗ ಮಾಡಿ ಬೀಗ ಹಾಕಿಟ್ಟಿತು. ಹೆಸರು ಏನೇ ಇರಲಿ, ಪುಸ್ತಕಗಳು ಉಳಿದವು. ತ್ರಿಶೂರಿನ ಕೇರಳ ಸಾಹಿತ್ಯ ಅಕಾಡೆಮಿಯೋ ಯಾವುದಾದರೂ ವಿಶ್ವವಿದ್ಯಾಲಯವೋ, ಸಂಶೋಧಕರಿಗೆ ಮಾತ್ರ ತೆರೆಯುವ ಅಂಥದೊಂದು ಕಪಾಟನ್ನು ಇಡಲಿ ಎಂಬುದು ನನ್ನ ಬೇಡಿಕೆ.

ಅದಾಗುವವರೆಗೆ, ಗಡಿಯ ಈಚೆಗೂ ಆಚೆಗೂ ಇರುವ ನಿಮ್ಮ ಓದುಗರಲ್ಲಿ ಒಂದು ವಿನಂತಿ. ಹಿರಿಯರ ಪೆಟ್ಟಿಗೆಯಲ್ಲೋ ಅಟ್ಟದ ಮೇಲೋ ಇಂಥ ಕಟ್ಟು ಸಿಕ್ಕಿದರೆ ದಯವಿಟ್ಟು ಬೆಂಕಿಗೆ ಹಾಕಬೇಡಿ. ಪಿನ್ನು ತೆಗೆದು, ಒಣಗಿದ ಕಾಗದದಲ್ಲಿ ಸುತ್ತಿ, ಎಲ್ಲಿ ಕೊಂಡದ್ದು, ಸುಮಾರು ಯಾವ ಇಸವಿ ಎಂದು ಗೊತ್ತಿದ್ದಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಮನೆಯವರ ಹೆಸರು ಬರೆಯಬೇಕಾಗಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕ, ಕಾಸರಗೋಡು