ಮಗಳಿಗೊಂದು ಪತ್ರ: ಸುಗಿತಾ ಸೋತ 17 ಅರ್ಹತಾ ಸುತ್ತುಗಳು

ಚಿರಂಜೀವಿ ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಹೋದ ವಾರ ನೀನು ಮತ್ತೆ ಅರ್ಹತಾ ಸುತ್ತಿನಲ್ಲೇ ಸೋತು ಫೋನ್ ಮಾಡಿದಾಗ, "ಇನ್ನೆಷ್ಟು ದಿನ ಹೀಗೆ?" ಎಂದು ಕೇಳಿಬಿಟ್ಟೆ. ನೀನು ಸುಮ್ಮನಾದೆ. ಆ ಮೌನ ನನ್ನನ್ನು ಕಾಡಿದ್ದರಿಂದ, ಎರಡು ರಾತ್ರಿ ಕುಳಿತು ಜಪಾನಿನ ಯುಯಿಚಿ ಸುಗಿತಾ ಎಂಬ ಟೆನಿಸ್ ಆಟಗಾರನ ಗೆಲುವು ಸೋಲುಗಳನ್ನು ವರ್ಷ ವರ್ಷವೂ ಓದಿ ನೋಡಿದೆ. ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡಿಯೇ ಕೂದಲು ಬೆಳ್ಳಗಾದ ನನಗೆ ಯಾವ ವಿಷಯವೂ ಅಂಕಿಗಳ ಮೂಲಕವಲ್ಲದೆ ಅರ್ಥವಾಗುವುದಿಲ್ಲವೆಂಬುದು ನಿನಗೆ ಗೊತ್ತೇ ಇದೆ.

ಸುಗಿತಾ 1988ರಲ್ಲಿ ಸೆಂಡೈ ನಗರದಲ್ಲಿ ಹುಟ್ಟಿದವನು. 2006ರಲ್ಲಿ ವೃತ್ತಿಪರ ಆಟಗಾರನಾದ. ಅವನಿಗಿಂತ ಒಂದು ವರ್ಷ ಚಿಕ್ಕವನಾದ ಕೀ ನಿಶಿಕೋರಿ ಹುಡುಗನಾಗಿದ್ದಾಗಲೇ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ತರಬೇತಿ ಪಡೆದು ಬೇಗನೆ ಮೇಲೇರಿದರೆ, ಸುಗಿತಾನ ಯೌವನದ ಬಹುಭಾಗ ಫ್ಯೂಚರ್ಸ್ ಮತ್ತು ಚಾಲೆಂಜರ್ ಎಂಬ ಕೆಳಹಂತದ ಟೂರ್ನಿಗಳಲ್ಲೇ ಕಳೆಯಿತು. ಟೆನಿಸ್‌ನ ಅತಿ ದೊಡ್ಡ ಟೂರ್ನಿಗಳಾದ ಗ್ರ್ಯಾಂಡ್‌ಸ್ಲಾಮ್‌ಗಳ ಪುರುಷರ ಸಿಂಗಲ್ಸ್‌ನಲ್ಲಿರುವ 128 ಸ್ಥಾನಗಳಲ್ಲಿ 104 ರ‍್ಯಾಂಕಿಂಗ್‌ನಿಂದ, 8 ಸ್ಥಾನ ಸಂಘಟಕರ ನೇರ ಆಹ್ವಾನವಾದ ವೈಲ್ಡ್ ಕಾರ್ಡ್‌ನಿಂದ ತುಂಬುತ್ತವೆ. ಉಳಿದ 16 ಸ್ಥಾನಗಳಿಗಾಗಿ ಮತ್ತೊಂದು 128 ಜನ ಅರ್ಹತಾ ಸುತ್ತಿನಲ್ಲಿ ಸೆಣಸುತ್ತಾರೆ. ಸತತ ಮೂರು ಪಂದ್ಯ ಗೆದ್ದವನು ಮಾತ್ರ ಒಳಗೆ. ಎರಡನ್ನು ಗೆದ್ದು ಮೂರನೆಯದನ್ನು ಸೋತವನು, ಅದೃಷ್ಟ ಕೈಹಿಡಿಯದಿದ್ದರೆ, ಹೊರಗೆ. ಸುಗಿತಾ ಹೀಗೆ 17 ಬಾರಿ ಪ್ರಯತ್ನಿಸಿ, 17 ಬಾರಿಯೂ ಮುಖ್ಯ ಸುತ್ತನ್ನು ಕಾಣದೆ ಹಿಂತಿರುಗಿದ.

ಆ ಸಂಖ್ಯೆಯ ಮೇಲೆ ಬೆರಳಿಟ್ಟು ನಾನು ಬಹಳ ಹೊತ್ತು ಕುಳಿತಿದ್ದೆ. ವರ್ಷಕ್ಕೆ ನಾಲ್ಕೇ ಗ್ರ್ಯಾಂಡ್‌ಸ್ಲಾಮ್‌ಗಳಿರುವಾಗ, ಒಂದನ್ನೂ ಬಿಡದೆ ಆಡಿದರೂ ಅದು ನಾಲ್ಕು ವರ್ಷಗಳನ್ನು ಮೀರುವ ಸೋಲು. ಅವನ ತಂದೆಯ ಜಾಗದಲ್ಲಿ ನಾನಿದ್ದಿದ್ದರೆ ಆರನೆಯದಕ್ಕೋ ಏಳನೆಯದಕ್ಕೋ ನನ್ನ ಆ ಪ್ರಶ್ನೆಯನ್ನು ಕೇಳಿಯೇ ಬಿಡುತ್ತಿದ್ದೆ.

ಹದಿನೆಂಟನೆಯ ಪ್ರಯತ್ನ 2014ರ ವಿಂಬಲ್ಡನ್. ಅಲ್ಲಿನ ಅರ್ಹತಾ ಪಂದ್ಯಗಳು ಆ ಪ್ರಸಿದ್ಧ ಕ್ಲಬ್ಬಿನ ಅಂಗಳದಲ್ಲಿ ನಡೆಯುವುದೂ ಇಲ್ಲ. ಸ್ವಲ್ಪ ದೂರದ ರೋಹ್ಯಾಂಪ್ಟನ್‌ನ ಮೈದಾನದಲ್ಲಿ ನಡೆಯುತ್ತವೆ. ಅಲ್ಲಿ ಗೆದ್ದು, ತನ್ನ 25ನೆಯ ವಯಸ್ಸಿನಲ್ಲಿ ಸುಗಿತಾ ಮೊದಲ ಬಾರಿಗೆ ಮುಖ್ಯ ಸುತ್ತು ಪ್ರವೇಶಿಸಿದ. ಎದುರಿಗೆ ಬಂದವನು ಎಡಗೈಯಿಂದ ಭಾರಿ ಸರ್ವ್ ಮಾಡುವ, ಹುಲ್ಲಿನ ಅಂಕಣದಲ್ಲಿ ಪಳಗಿದ ಸ್ಪೇನಿನ ಫೆಲಿಸಿಯಾನೊ ಲೋಪೆಜ್. ಸುಗಿತಾ ಮೂರೂ ಸೆಟ್‌ಗಳನ್ನು 6-7ರಿಂದ ಸೋತ. ಮೂರಕ್ಕೆ ಮೂರೂ ಟೈಬ್ರೇಕ್, ಎಂದರೆ 6-6ರ ಸಮಬಲವಾದ ಮೇಲೆ ಸೆಟ್ ನಿರ್ಧರಿಸುವ ಆಟ! ಫಲಿತಾಂಶದ ಪಟ್ಟಿಯಲ್ಲಿ ಅದು ನೇರ ಸೆಟ್‌ಗಳ ಸೋಲೆಂದೇ ದಾಖಲಾಗಿದೆ, ಆದರೆ ಟೈಬ್ರೇಕಿನಲ್ಲಿ ಒಂದೆರಡು ಪಾಯಿಂಟ್ ಅತ್ತಿತ್ತಾದರೆ ಏನಾಗುತ್ತದೆ ಎಂಬುದನ್ನು ನಿನಗೆ ನಾನು ವಿವರಿಸಬೇಕಾಗಿಲ್ಲ. ಆ ವರ್ಷ ವಿಂಬಲ್ಡನ್‌ನ ಮೊದಲ ಸುತ್ತಿನಲ್ಲಿ ಸೋತವರಿಗೂ 27,000 ಪೌಂಡ್ ಸಿಗುತ್ತಿತ್ತು. ವಿಮಾನ, ಕೋಚ್, ಗಟ್ಟಿಂಗ್ (ರಾಕೆಟ್‌ಗೆ ತಂತಿ ಕಟ್ಟಿಸುವುದು) ಎಲ್ಲವನ್ನೂ ತಾನೇ ಭರಿಸುವ ಆಟಗಾರನಿಗೆ ಅದು ಎಷ್ಟು ತಿಂಗಳ ಉಸಿರು ಎಂಬ ಲೆಕ್ಕವನ್ನೂ ನಾನು ಹಾಕಿ ನೋಡಿದೆ. ಅದೇ ಸೆಪ್ಟೆಂಬರ್‌ನಲ್ಲಿ ನಿಶಿಕೋರಿ ಅಮೆರಿಕನ್ ಓಪನ್ ಫೈನಲ್ ಆಡಿದ್ದರಿಂದ, ಸುಗಿತಾನ ಆ ಮೂರು ಟೈಬ್ರೇಕ್‌ಗಳನ್ನು ಎಷ್ಟು ಜನ ನೆನಪಿಟ್ಟುಕೊಂಡಿರಬಹುದು?

ಮುಂದಿನದು ಹೆಚ್ಚು ಜನ ಬಲ್ಲ ಕಥೆ. 2016ರಲ್ಲಿ ಸುಗಿತಾ ವಿಶ್ವ ಶ್ರೇಯಾಂಕದ ಮೊದಲ ನೂರರೊಳಗೆ ಬಂದ. 2017ರಲ್ಲಿ ಬಾರ್ಸಿಲೋನಾದಲ್ಲಿ 'ಲಕ್ಕಿ ಲೂಸರ್' ಆಗಿ, ಎಂದರೆ ಅರ್ಹತಾ ಸುತ್ತಿನಲ್ಲಿ ಸೋತರೂ ಬೇರೊಬ್ಬರು ಹಿಂದೆ ಸರಿದ ಜಾಗಕ್ಕೆ ಸೇರಿ, ಕ್ವಾರ್ಟರ್ ಫೈನಲ್ ತಲುಪಿದ. (ಈ ಹೆಸರನ್ನು ಇಟ್ಟವರು ಯಾರೋ, ಅವರಿಗೆ ಕರುಣೆ ಕಡಿಮೆ.) ಜೂನ್‌ನಲ್ಲಿ ಜರ್ಮನಿಯ ಹಾಲೆಯಲ್ಲಿಯೂ ಹೀಗೆಯೇ ಅವಕಾಶ ಸಿಕ್ಕಿ, ಫೆಡರರ್ ಎದುರು ಸುಲಭವಾಗಿ ಸೋತ. ಅದಾಗಿ ಎರಡು ವಾರ ಕಳೆಯುವುದರೊಳಗೆ ಟರ್ಕಿಯ ಅಂತಾಲ್ಯದಲ್ಲಿ ಫೈನಲ್‌ನಲ್ಲಿ ಅಡ್ರಿಯನ್ ಮನ್ನರಿನೊನನ್ನು ಮಣಿಸಿ, ಪುರುಷರ ವೃತ್ತಿಪರ ಟೆನಿಸ್‌ನ ಮುಖ್ಯ ಹಂತವಾದ ಎಟಿಪಿಯ ಪ್ರಶಸ್ತಿ ಗೆದ್ದ. ಶುಜೊ ಮತ್ಸುಓಕಾ ಮತ್ತು ನಿಶಿಕೋರಿಯ ನಂತರ ಈ ಸಾಧನೆ ಮಾಡಿದ ಮೂರನೆಯ ಜಪಾನಿ ಪುರುಷ ಅವನು. ಆ ಅಕ್ಟೋಬರ್‌ನಲ್ಲಿ 36ನೆಯ ಸ್ಥಾನಕ್ಕೇರಿದ. ರ‍್ಯಾಂಕಿಂಗ್ ಅಂಕಗಳಿಗೆ 52 ವಾರಗಳ ಆಯಸ್ಸು ಮಾತ್ರ. ಮರುವರ್ಷ ಅವು ಕಳಚಿಕೊಂಡಾಗ ಅವನು ಮತ್ತೆ ನೂರರಾಚೆಗೆ ಜಾರಿ, ಚಾಲೆಂಜರ್‌ಗಳಿಗೆ ಹಿಂತಿರುಗಿದ.

ಅಂತಾಲ್ಯದ ಪ್ರಶಸ್ತಿಯನ್ನು ಆ 17 ಸೋಲುಗಳ ಕೂಲಿಯೆಂಬಂತೆ ಹೇಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಆ ವಾರ ಅವನು ಗೆಲ್ಲದೆ ಹೋಗಿದ್ದರೂ, ಲೋಪೆಜ್‌ನಂಥವನನ್ನು ಮೂರು ಬಾರಿ ಟೈಬ್ರೇಕಿನವರೆಗೆ ಎಳೆದ ಆಟ ಅವನದೇ ಆಗಿರುತ್ತಿತ್ತು, ಮತ್ತು ಆ ಆಟ ರೂಪುಗೊಂಡದ್ದು ಹೊರಗುಳಿದ ವರ್ಷಗಳಲ್ಲಿಯೇ. ನಾನು ನಿನ್ನನ್ನು ಕೇಳಿದಾಗ, ನೀನು ಎಲ್ಲಿಯೋ ಬಸ್ಸಿಗಾಗಿ ಕಾಯುತ್ತಿರುವೆಯೇನೋ ಎಂಬಂತೆ ಕೇಳಿದೆ. ನೀನು ಪ್ರತಿದಿನ ದುಡಿಯುತ್ತಿದ್ದೆ.

ಅಮ್ಮ ನಿನ್ನ ಎರಡು ರಾಕೆಟ್‌ಗಳಿಗೂ ಗಟ್ಟಿಂಗ್ ಮಾಡಿಸಿ ತಂದಿಟ್ಟಿದ್ದಾಳೆ. ಮುಂದಿನ ಟೂರ್ನಿಗೆ ಹೆಸರು ಕೊಟ್ಟಿದ್ದರೆ ದಿನಾಂಕ ತಿಳಿಸು. ರೈಲಿನ ಟಿಕೆಟ್ ನಾನೇ ಮಾಡಿಸುತ್ತೇನೆ.

ಇಂತಿ,
ನಿನ್ನ ಅಪ್ಪ